ಹಳೆಯ ಕಾರುಗಳ ಒಳಾಂಗಣ ಪ್ಲಾಸ್ಟಿಕ್ ಫಲಕಗಳ ಪುನಶ್ಚೇತನ: ಬಣ್ಣಕ್ಕೆ ಮೊದಲು ವಸ್ತುವಿನ ಪರಿಚಯ

ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಗಳದು. ಆ ಬಳಿಕ ವಾಹನವು ಯೋಗ್ಯವೆಂದು ಪ್ರಮಾಣಿತವಾದರೆ ನೋಂದಣಿಯನ್ನು 5 ವರ್ಷಗಳಿಗೊಮ್ಮೆ ನವೀಕರಿಸಬಹುದು. ಹೀಗಾಗಿ ತಯಾರಿಕೆ ನಿಂತುಹೋದ ಅನೇಕ ಮಾದರಿಗಳು ಇಂದಿಗೂ ರಾಜ್ಯದ ರಸ್ತೆಗಳಲ್ಲಿ ಓಡಾಡುತ್ತಿವೆ. 1983ರಲ್ಲಿ ಆರಂಭವಾದ ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು. ಬಿಡದಿಯಲ್ಲಿ ತಯಾರಾಗಿ 2000ದಲ್ಲಿ ಮಾರುಕಟ್ಟೆಗೆ ಬಂದ ಕ್ವಾಲಿಸ್‌ನ ಸ್ಥಾನವನ್ನು 2005ರಲ್ಲಿ ಇನ್ನೋವಾ ಪಡೆಯಿತು. ಇಂಥ ವಾಹನಗಳಿಗೆ ಇಂಜಿನ್, ಬ್ರೇಕ್ ಮತ್ತು ಕ್ಲಚ್‌ನ ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಮಾರುಕಟ್ಟೆಗಳಲ್ಲಿ ದೊರೆಯುತ್ತವೆ. ಆದರೆ ಬಾಗಿಲಿನ ಒಳಫಲಕ, ಕಂಬಗಳ ಹೊದಿಕೆ, ಡ್ಯಾಶ್‌ಬೋರ್ಡ್‌ನ ಕೆಳಭಾಗ, ಕೈಪೆಟ್ಟಿಗೆಯ ಮುಚ್ಚಳ ಮುಂತಾದ ಪ್ಲಾಸ್ಟಿಕ್ ಭಾಗಗಳು ಹೊಸದಾಗಿ ಸಿಗುವುದು ಅಪರೂಪ. ಗುಜರಿಯಲ್ಲಿ ದೊರೆತರೂ ಅವು ಅಷ್ಟೇ ಸವೆದಿರುತ್ತವೆ.

ಆದ್ದರಿಂದ ಇರುವ ಫಲಕವನ್ನೇ ಸರಿಪಡಿಸುವ ಕೆಲಸಕ್ಕೆ ಬೇಡಿಕೆಯಿದೆ. ಹಳೆಯ ಕಾರುಗಳ ವ್ಯಾಪಾರಿಗಳು, ಟ್ಯಾಕ್ಸಿ ಮಾಲೀಕರು ಮತ್ತು ಹಳೆಯ ವಾಹನಗಳ ಅಭಿಮಾನಿಗಳು ಇದರ ಮುಖ್ಯ ಗ್ರಾಹಕರು. ಕಡಿಮೆ ಬಂಡವಾಳದಲ್ಲಿ ಆರಂಭಿಸಬಹುದಾದ ಕೆಲಸವಿದು. ಆದರೂ ಈ ಕೆಲಸದಲ್ಲಿ ಕೈಸುಟ್ಟುಕೊಂಡವರು ಕಡಿಮೆಯಿಲ್ಲ. ಹಸ್ತಾಂತರದ ದಿನ ಹೊಸದರಂತೆ ಹೊಳೆದ ಬಾಗಿಲಿನ ಫಲಕ, ಮೂರೇ ತಿಂಗಳಲ್ಲಿ ಮೊಣಕೈ ತಾಗುವ ಜಾಗದಲ್ಲಿ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಗ್ರಾಹಕರು ಮರಳಿ ಬಂದಾಗ ಬಣ್ಣದ ಕಂಪನಿಯನ್ನು ದೂಷಿಸಲಾಗುತ್ತದೆ. ಬಹುಪಾಲು ಸಂದರ್ಭಗಳಲ್ಲಿ ದೋಷ ಬಣ್ಣದಲ್ಲಿ ಇರುವುದಿಲ್ಲ. ಕೆಳಗಿರುವ ಪ್ಲಾಸ್ಟಿಕ್ ಯಾವುದೆಂದು ತಿಳಿಯದೆ ಕೆಲಸ ಆರಂಭಿಸಿದ್ದರಲ್ಲಿ ಇರುತ್ತದೆ.

ಫಲಕಗಳು ಹಾಳಾಗುವ ಬಗೆ

ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್‌ನ ಮೇಲ್ಮೈ ಉಷ್ಣತೆ 70 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ರಾಯಚೂರು, ಕಲಬುರಗಿ ಭಾಗದ ಬೇಸಿಗೆಯಲ್ಲಿ ಇದು ದಿನನಿತ್ಯದ ಸ್ಥಿತಿ. ಶಾಖದೊಡನೆ ನೇರಳಾತೀತ ಕಿರಣಗಳೂ ಸೇರಿದಾಗ ಪ್ಲಾಸ್ಟಿಕ್‌ನ ಉದ್ದನೆಯ ಅಣುಸರಪಳಿಗಳು ತುಂಡಾಗುತ್ತವೆ. ಮೇಲ್ಮೈ ಮೊದಲು ಕಾಂತಿ ಕಳೆದುಕೊಂಡು, ಅನಂತರ ಸುಣ್ಣದ ಪುಡಿಯಂತೆ ಬೆಳ್ಳಗಾಗಿ, ಕೊನೆಗೆ ಸೀಳುತ್ತದೆ.

ಇದಲ್ಲದೆ ಬಳಕೆಯ ಸವೆತವಿದೆ: ಉಗುರಿನ ಗೀರು, ಶೂಗಳ ಒರೆತ, ಬೆವರು ಮತ್ತು ಎಣ್ಣೆಯ ಕಲೆ. ಮೂರನೆಯದು ಕಳಚುವಾಗ ಆಗುವ ಹಾನಿ. ಸ್ಪೀಕರ್ ಅಥವಾ ಪವರ್ ವಿಂಡೋ ಅಳವಡಿಸುವವರು ಸ್ಕ್ರೂ ಡ್ರೈವರಿನಿಂದ ಮೀಟಿ ತೆಗೆದ ಫಲಕಗಳಲ್ಲಿ ಕ್ಲಿಪ್‌ಗಳು ಮುರಿದು, ಅವುಗಳ ತೂತುಗಳು ಹರಿದಿರುತ್ತವೆ. ಇಂಥ ಫಲಕವು ಎಷ್ಟು ಚೆಂದವಾಗಿ ಬಣ್ಣ ಪಡೆದರೂ ಓಡುವಾಗ ಕಟಕಟ ಸದ್ದು ಮಾಡುತ್ತದೆ.

ನಾಲ್ಕನೆಯ ಕಾರಣವನ್ನು ಅನೇಕರು ಕಾರಣವೆಂದೇ ಭಾವಿಸುವುದಿಲ್ಲ. ಅದು ವರ್ಷಗಟ್ಟಲೆ ಬಳಿದ ಡ್ಯಾಶ್‌ಬೋರ್ಡ್ ಪಾಲಿಶ್. ಇಂಥ ಅನೇಕ ಪಾಲಿಶ್‌ಗಳಲ್ಲಿ ಸಿಲಿಕೋನ್ ಎಣ್ಣೆ ಇರುತ್ತದೆ. ಅದರ ಮೇಲೆ ಬಣ್ಣ ಸಿಂಪಡಿಸಿದರೆ ಬಣ್ಣ ಅಲ್ಲಲ್ಲಿ ಸರಿದು ಕುಳಿಗಳು ಬೀಳುತ್ತವೆ. ಪೇಂಟರುಗಳು ಇದನ್ನು ಫಿಶ್ ಐ ಎಂದು ಕರೆಯುತ್ತಾರೆ.

ಯಾವ ಪ್ಲಾಸ್ಟಿಕ್ ಎಂದು ತಿಳಿಯುವುದು

ಕಾರಿನ ಒಳಾಂಗಣದಲ್ಲಿ ಹೆಚ್ಚಾಗಿ ಕಂಡುಬರುವವು ಮೂರು: ಪಾಲಿಪ್ರೊಪಿಲೀನ್ ಅಂದರೆ ಪಿಪಿ, ಎಬಿಎಸ್, ಮತ್ತು ಪಿವಿಸಿ. ಬಾಗಿಲಿನ ಫಲಕ, ಕಂಬದ ಹೊದಿಕೆಗಳಲ್ಲಿ ಪಿಪಿ ಬಹಳ ಸಾಮಾನ್ಯ. ಗಟ್ಟಿಯಾದ, ನುಣುಪಾದ ಚೌಕಟ್ಟುಗಳಿಗೆ ಎಬಿಎಸ್ ಬಳಕೆ ಹೆಚ್ಚು. ಮೃದುವಾದ ಹೊದಿಕೆ ಮತ್ತು ರೆಕ್ಸಿನ್‌ನಂಥ ಭಾಗಗಳು ಪಿವಿಸಿಯವು. ಹಳೆಯ ಕೆಲವು ಕಾರುಗಳ ಬಾಗಿಲಿನ ಫಲಕಗಳು ಪ್ಲಾಸ್ಟಿಕ್‌ನವೇ ಅಲ್ಲ; ಅವು ಹಾರ್ಡ್‌ಬೋರ್ಡ್ ಮೇಲೆ ರೆಕ್ಸಿನ್ ಅಂಟಿಸಿದವು. ಬಾಗಿಲಿನೊಳಗಿನ ತೇವ ತಡೆಯುವ ಹಾಳೆ ಹರಿದಿದ್ದರೆ ಈ ಹಾರ್ಡ್‌ಬೋರ್ಡ್ ಉಬ್ಬಿ ಡೊಂಕಾಗುತ್ತದೆ. ಅದಕ್ಕೆ ಬಣ್ಣವಲ್ಲ, ಹೊಸ ಹಲಗೆಯೇ ಪರಿಹಾರ.

ಗುರುತಿಸಲು ಕೆಳಗಿನ ವಿಧಾನಗಳನ್ನು ಇದೇ ಕ್ರಮದಲ್ಲಿ ಅನುಸರಿಸುವುದು ಉತ್ತಮ.

1. ಹಿಂಬದಿಯ ಗುರುತು: ಫಲಕವನ್ನು ಕಳಚಿ ಹಿಂಬದಿ ನೋಡಬೇಕು. ಎರಡು ಬಾಣದ ಮೊನೆಗಳ ನಡುವೆ ಪಿಪಿ, ಎಬಿಎಸ್, ಅಥವಾ ಪಿಪಿ ಟಿ20 ಎಂಬರ್ಥದ ಇಂಗ್ಲಿಷ್ ಅಕ್ಷರಗಳು ಅಚ್ಚಾಗಿರುತ್ತವೆ. ಐಎಸ್‌ಒ 11469 ಮಾನಕವು ಈ ಗುರುತಿನ ರೀತಿಯನ್ನು ನಿಗದಿಪಡಿಸುತ್ತದೆ. ಟಿ20 ಎಂದರೆ ಶೇಕಡ 20ರಷ್ಟು ಟಾಲ್ಕ್ ಪುಡಿ ಬೆರೆತಿದೆ ಎಂದರ್ಥ.

2. ನೀರಿನ ಪರೀಕ್ಷೆ: ಗುರುತಿಲ್ಲದಿದ್ದರೆ ಕಾಣದ ಅಂಚಿನಿಂದ ಚಿಕ್ಕ ಚೂರು ಕತ್ತರಿಸಿ ನೀರಿಗೆ ಹಾಕಬೇಕು. ಶುದ್ಧ ಪಿಪಿಯ ಸಾಂದ್ರತೆ ಸುಮಾರು 0.9, ಅದು ತೇಲುತ್ತದೆ. ಎಬಿಎಸ್ ಸುಮಾರು 1.05, ಅದು ಮುಳುಗುತ್ತದೆ. ಆದರೆ ಟಾಲ್ಕ್ ಹೆಚ್ಚಿರುವ ಪಿಪಿಯೂ ಮುಳುಗಬಲ್ಲದು. ಆದ್ದರಿಂದ ತೇಲಿದರೆ ಅದು ಎಬಿಎಸ್ ಅಲ್ಲವೆಂದು ಹೇಳಬಹುದೇ ಹೊರತು, ಮುಳುಗಿದ ಮಾತ್ರಕ್ಕೆ ಎಬಿಎಸ್ ಎಂದು ತೀರ್ಮಾನಿಸುವಂತಿಲ್ಲ.

3. ಅಸಿಟೋನ್ ಪರೀಕ್ಷೆ: ಹಿಂಬದಿಯಲ್ಲಿ ಒಂದು ಹನಿ ಅಸಿಟೋನ್ ಹಾಕಿ ಕೆಲವು ಕ್ಷಣ ಬಿಟ್ಟು ಹತ್ತಿಯಿಂದ ಒತ್ತಬೇಕು. ಎಬಿಎಸ್ ಕರಗಿ ಅಂಟಂಟಾಗುತ್ತದೆ. ಪಿಪಿಗೆ ಏನೂ ಆಗುವುದಿಲ್ಲ. ನೀರಿನ ಪರೀಕ್ಷೆಯ ಸಂದೇಹವನ್ನು ಇದು ನಿವಾರಿಸುತ್ತದೆ.

ಚೂರನ್ನು ಸುಟ್ಟು ವಾಸನೆ ನೋಡುವ ರೂಢಿಯೂ ಇದೆ. ಪಿವಿಸಿ ಸುಟ್ಟಾಗ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುವುದರಿಂದ ಈ ರೂಢಿಯನ್ನು ಕೈಬಿಡುವುದು ಲೇಸು.

ಗುರುತಿಸುವುದಕ್ಕೆ ಇಷ್ಟು ಮಹತ್ವವೇಕೆ? ಪಿಪಿಯ ಮೇಲ್ಮೈ ಮೇಣದ ಗುಣದ್ದು. ತಾವರೆ ಎಲೆಯ ಮೇಲಿನ ನೀರಿನಂತೆ ಬಣ್ಣವು ಅದರ ಮೇಲೆ ನಿಲ್ಲುತ್ತದೆಯೇ ವಿನಾ ಹಿಡಿಯುವುದಿಲ್ಲ. ಸಾಮಾನ್ಯ ಪ್ರೈಮರ್‌ಗೂ ಇದೇ ಗತಿ. ಕ್ಲೋರಿನ್‌ಯುಕ್ತ ಪಾಲಿಒಲೆಫಿನ್ ಆಧಾರಿತ ವಿಶೇಷ ಪ್ರೈಮರ್, ಅಂದರೆ ಪೇಂಟ್ ಅಂಗಡಿಗಳಲ್ಲಿ ಅಡ್ಹೀಷನ್ ಪ್ರಮೋಟರ್ ಎಂಬ ಹೆಸರಿನಲ್ಲಿ ದೊರೆಯುವ ದ್ರವ, ಪಿಪಿ ಮತ್ತು ಬಣ್ಣದ ನಡುವೆ ಬೆಸುಗೆಯಾಗುತ್ತದೆ. ಎಬಿಎಸ್‌ಗೆ ಇದರ ಅಗತ್ಯವಿಲ್ಲ. ಸಾಮಾನ್ಯ ಪ್ಲಾಸ್ಟಿಕ್ ಪ್ರೈಮರ್ ಸಾಕು. ಆದರೆ ಎಬಿಎಸ್‌ಗೆ ತೀಕ್ಷ್ಣ ಥಿನ್ನರ್ ಶತ್ರು. ಅದು ಮೇಲ್ಮೈಯನ್ನು ಕರಗಿಸಿ ಸೂಕ್ಷ್ಮ ಬಿರುಕುಗಳನ್ನು ಉಂಟುಮಾಡುತ್ತದೆ. ಒಂದು ಪ್ಲಾಸ್ಟಿಕ್‌ಗೆ ಔಷಧವಾದದ್ದು ಇನ್ನೊಂದಕ್ಕೆ ಅನವಶ್ಯಕ, ಮತ್ತೊಂದಕ್ಕೆ ಹಾನಿಕರ.

ಕೆಲಸದ ಕ್ರಮ

ಮೊದಲನೆಯದಾಗಿ, ಕಳಚುವುದು. ಕಬ್ಬಿಣದ ಸ್ಕ್ರೂ ಡ್ರೈವರ್ ಬದಲು ನೈಲಾನ್ ಮೀಟುಪಟ್ಟಿ ಬಳಸಬೇಕು. ಹಳೆಯ ಪ್ಲಾಸ್ಟಿಕ್ ಚಳಿಯಲ್ಲಿ ಹೆಚ್ಚು ಪೆಡಸಾಗಿರುವುದರಿಂದ, ಡಿಸೆಂಬರ್ ಬೆಳಗಿನ ಹೊತ್ತು ಕಳಚುವುದಕ್ಕಿಂತ ಕಾರನ್ನು ಸ್ವಲ್ಪ ಹೊತ್ತು ಬಿಸಿಲಿಗೆ ನಿಲ್ಲಿಸಿ ಕಳಚಿದರೆ ಕ್ಲಿಪ್‌ಗಳು ಉಳಿಯುತ್ತವೆ. ಪ್ರತಿ ಫಲಕದ ಸ್ಕ್ರೂ ಮತ್ತು ಕ್ಲಿಪ್‌ಗಳನ್ನು ಪ್ರತ್ಯೇಕ ಚೀಲದಲ್ಲಿ ಚೀಟಿ ಸಮೇತ ಇಡಬೇಕು.

ಎರಡನೆಯದಾಗಿ, ತೊಳೆಯುವುದು. ಮೊದಲು ಸಾಬೂನು ನೀರು ಮತ್ತು ಮೃದು ಬ್ರಷ್, ಬಳಿಕ ಮೇಣ ಮತ್ತು ಜಿಡ್ಡು ತೆಗೆಯುವ ದ್ರವ, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್. ಒರೆಸುವ ಬಟ್ಟೆಯನ್ನು ಆಗಾಗ ಬದಲಿಸಬೇಕು. ಇಲ್ಲದಿದ್ದರೆ ಸಿಲಿಕೋನ್ ಒಂದು ಮೂಲೆಯಿಂದ ಇನ್ನೊಂದಕ್ಕೆ ಹರಡುತ್ತದೆಯಷ್ಟೆ. ಈ ಹಂತ ಉಜ್ಜುವುದಕ್ಕಿಂತ ಮೊದಲೇ ಆಗಬೇಕು. ಮೊದಲು ವಾಟರ್ ಪೇಪರ್ ಹಿಡಿದರೆ ಸಿಲಿಕೋನ್ ಗೀರುಗಳೊಳಗೆ ಸೇರಿ, ಮುಂದೆ ಯಾವ ದ್ರವಕ್ಕೂ ಸಿಗುವುದಿಲ್ಲ.

ತೊಳೆದ ನಂತರ ಫಲಕವನ್ನು ಮತ್ತೆ ಪರೀಕ್ಷಿಸಬೇಕು. ಕೇವಲ ಕೊಳೆಯಿಂದ ಮಂಕಾಗಿದ್ದ ಫಲಕವು ಇಲ್ಲಿಗೇ ಸರಿಯಾಗಿರಬಹುದು. ಅಂಥದಕ್ಕೆ ಬಣ್ಣ ಬಳಿಯುವುದು ಗ್ರಾಹಕರ ಹಣವನ್ನೂ ಕಾರ್ಖಾನೆಯ ಹೊಣೆಯನ್ನೂ ಸುಮ್ಮನೆ ಹೆಚ್ಚಿಸಿದಂತೆ. ಪಿಪಿಯನ್ನು ಬಾಗಿಸಿದಾಗ ಮೂಡುವ ಬಿಳಿ ಗೆರೆಗಳು ಹಾಟ್ ಏರ್ ಗನ್‌ನ ಹದವಾದ ಶಾಖಕ್ಕೆ ಬಹುಮಟ್ಟಿಗೆ ಮಾಯವಾಗುತ್ತವೆ. ಬಿಸಿಲಿಗೆ ಬೆಳ್ಳಗಾದ ಮೇಲ್ಮೈಯೂ ಈ ಶಾಖಕ್ಕೆ ಕಪ್ಪಾಗಿ ಕಾಣುವುದುಂಟು. ಆದರೆ ಅದು ಬಹುಕಾಲ ನಿಲ್ಲುವುದಿಲ್ಲ, ಹೊಳಪೂ ಒಂದೇ ಸಮನಾಗಿ ಬರುವುದಿಲ್ಲ.

ಮೂರನೆಯದಾಗಿ, ಉಜ್ಜುವುದು. ಫಲಕದ ಮೇಲೆ ಅಚ್ಚಿನಲ್ಲೇ ಮೂಡಿದ ಚರ್ಮದಂಥ ವಿನ್ಯಾಸವಿರುತ್ತದೆ. ಇದನ್ನು ಗ್ರೇನ್ ಎನ್ನುತ್ತಾರೆ. ಒರಟು ಕಾಗದದಿಂದ ಉಜ್ಜಿದರೆ ಇದು ಅಳಿಸಿಹೋಗುತ್ತದೆ, ಮತ್ತೆ ಯಥಾವತ್ತಾಗಿ ಮೂಡಿಸಲು ಬಹಳ ಶ್ರಮ ಬೇಕು. ಆದ್ದರಿಂದ ಬೂದುಬಣ್ಣದ ಸ್ಕಫ್ ಪ್ಯಾಡ್‌ನಿಂದ ಕಾಂತಿ ಹೋಗುವಷ್ಟು ಮಾತ್ರ ಹಗುರವಾಗಿ ಉಜ್ಜಬೇಕು. ಆಳವಾದ ಗೀರಿದ್ದಲ್ಲಿ ಮಾತ್ರ 400ರಿಂದ 600 ನಂಬರಿನ ವಾಟರ್ ಪೇಪರ್ ಬಳಸಿ, ಆ ಜಾಗಕ್ಕೆ ಟೆಕ್ಸ್ಚರ್ ಸ್ಪ್ರೇ ಕೊಡಬಹುದು.

ನಾಲ್ಕನೆಯದಾಗಿ, ಪ್ರೈಮರ್ ಮತ್ತು ಬಣ್ಣ. ಪಿಪಿ ಫಲಕಕ್ಕೆ ಅಡ್ಹೀಷನ್ ಪ್ರಮೋಟರ್ ಅನ್ನು ಅತಿ ತೆಳುವಾಗಿ ಸಿಂಪಡಿಸಬೇಕು. ದಪ್ಪ ಲೇಪನ ಹೆಚ್ಚು ಬಲ ಕೊಡುತ್ತದೆಂಬುದು ತಪ್ಪು ತಿಳಿವಳಿಕೆ. ಅದೇ ಪದರವೇ ಒಡೆದು ಬಣ್ಣ ಕಿತ್ತುಬರುತ್ತದೆ. ಡಬ್ಬಿಯ ಮೇಲೆ ಸೂಚಿಸಿದ ಅವಧಿಯೊಳಗೆ ಬಣ್ಣ ಬೀಳಬೇಕು. ಬಣ್ಣವನ್ನೂ ಒಂದು ದಪ್ಪ ಲೇಪನದ ಬದಲು ಮೂರು ತೆಳು ಲೇಪನಗಳಲ್ಲಿ ಕೊಟ್ಟರೆ ಗ್ರೇನ್ ಮುಚ್ಚಿಹೋಗುವುದಿಲ್ಲ. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಕಂಪ್ರೆಸರ್‌ನ ಗಾಳಿಯೊಡನೆ ನೀರಿನ ಹನಿಗಳು ಬರುವುದರಿಂದ ಗಾಳಿಮಾರ್ಗದಲ್ಲಿ ನೀರು ಬೇರ್ಪಡಿಸುವ ಸಾಧನ ಇರಲೇಬೇಕು.

ಐದನೆಯದಾಗಿ, ಪರೀಕ್ಷೆ. ಗ್ರಾಹಕರ ಫಲಕದ ಮೇಲೆ ಪ್ರಯೋಗ ಮಾಡದೆ, ಅದೇ ಜಾತಿಯ ಪ್ಲಾಸ್ಟಿಕ್‌ನ ಗುಜರಿ ತುಂಡಿಗೆ ಜೊತೆಯಲ್ಲೇ ಬಣ್ಣ ಹೊಡೆದಿಡಬೇಕು. ಬಣ್ಣ ಪೂರ್ಣ ಒಣಗಿದ ಮೇಲೆ ಅದರ ಮೇಲೆ ಬ್ಲೇಡಿನಿಂದ ಉದ್ದಕ್ಕೆ ಆರು, ಅಡ್ಡಕ್ಕೆ ಆರು ಗೆರೆ ಕೊಯ್ದರೆ 25 ಚಿಕ್ಕ ಚೌಕಗಳಾಗುತ್ತವೆ. ಅಂಟುಪಟ್ಟಿ ಒತ್ತಿ ಎಳೆದಾಗ ಚೌಕಗಳು ಉಳಿದರೆ ಕೆಲಸ ಗಟ್ಟಿ. ಪಟ್ಟಿಯೊಡನೆ ಕಿತ್ತುಬಂದರೆ ಫಲಕವನ್ನು ಹಸ್ತಾಂತರಿಸಬಾರದು. ಐದು ನಿಮಿಷದ ಈ ಪರೀಕ್ಷೆ ಮೂರು ತಿಂಗಳ ನಂತರದ ಜಗಳವನ್ನು ತಪ್ಪಿಸುತ್ತದೆ.

ಒಡೆದ ಭಾಗಗಳ ಜೋಡಣೆ

ಮುರಿದ ಕ್ಲಿಪ್ ಬುಡ ಮತ್ತು ಸ್ಕ್ರೂ ಕೂರುವ ಗೂಟಗಳನ್ನು ಬಣ್ಣಕ್ಕೆ ಮುಂಚೆಯೇ ಸರಿಪಡಿಸಬೇಕು. ಎಬಿಎಸ್ ಆಗಿದ್ದರೆ ಅದೇ ಪ್ಲಾಸ್ಟಿಕ್‌ನ ಚೂರುಗಳನ್ನು ಅಸಿಟೋನ್‌ನಲ್ಲಿ ನೆನೆಹಾಕಿ ಗಂಜಿಯಂತಾದ ಮೇಲೆ ಹಚ್ಚಿದರೆ, ದ್ರಾವಕ ಆರಿದಾಗ ಎರಡೂ ಭಾಗ ಒಂದಾಗುತ್ತವೆ. ಪಿಪಿಗೆ ಈ ಉಪಾಯ ನಡೆಯದು. ಸಾಮಾನ್ಯ ಅಂಟುಗಳೂ ಹಿಡಿಯುವುದಿಲ್ಲ. ಅದನ್ನು ಪಿಪಿ ಕಡ್ಡಿಯಿಂದಲೇ ಬಿಸಿಗಾಳಿಯಲ್ಲಿ ಬೆಸೆಯಬೇಕು, ಇಲ್ಲವೇ ಹಿಂಬದಿಯಿಂದ ಸ್ಟೀಲ್ ತಂತಿಯ ಸ್ಟೇಪಲ್‌ಗಳನ್ನು ಕಾಯಿಸಿ ಹೂಳಬೇಕು. ಪಿಪಿ ಸುಮಾರು 160 ಡಿಗ್ರಿಯಲ್ಲಿ ಕರಗುತ್ತದೆ. ತೆಳು ಫಲಕದಲ್ಲಿ ಶಾಖ ಹೆಚ್ಚಾದರೆ ಮುಂಬದಿಯ ಗ್ರೇನ್ ಕರಗಿ ನುಣ್ಣಗಾಗುತ್ತದೆ.

ಬಣ್ಣದ ಹೊಂದಾಣಿಕೆ

ಒಂದೇ ಫಲಕವನ್ನು ಮೂಲ ಬಣ್ಣಕ್ಕೆ ತಂದರೆ ಪಕ್ಕದ ಮಾಸಿದ ಫಲಕಗಳ ನಡುವೆ ಅದು ಹೊಸ ಬಟ್ಟೆಗೆ ಹಾಕಿದ ತೇಪೆಯಂತೆ ಎದ್ದು ಕಾಣುತ್ತದೆ. ಆದ್ದರಿಂದ ಇಡೀ ಸಾಲನ್ನು ಒಟ್ಟಿಗೆ ಮಾಡುವುದೋ, ನೆರೆಯ ಫಲಕದ ಈಗಿನ ಬಣ್ಣಕ್ಕೆ ಹೊಂದಿಸುವುದೋ ಎಂಬುದನ್ನು ಮೊದಲೇ ಗ್ರಾಹಕರೊಡನೆ ನಿರ್ಧರಿಸಬೇಕು. ಹೊಂದಾಣಿಕೆಯನ್ನು ಟ್ಯೂಬ್‌ಲೈಟ್ ಬೆಳಕಿನಲ್ಲಿ ಮಾತ್ರವಲ್ಲದೆ ಹಗಲು ಬೆಳಕಿನಲ್ಲಿಯೂ ನೋಡಬೇಕು. ಡ್ಯಾಶ್‌ಬೋರ್ಡ್‌ನ ಮೇಲ್ಭಾಗಕ್ಕೆ ಹೊಳಪಿನ ಬಣ್ಣ ಸಲ್ಲದು. ಅದರ ಪ್ರತಿಬಿಂಬ ಮುಂದಿನ ಗಾಜಿನಲ್ಲಿ ಬಿದ್ದು ಚಾಲಕನ ದೃಷ್ಟಿಗೆ ಅಡ್ಡಿಯಾಗುತ್ತದೆ. ಗ್ರಾಹಕರು ಹೊಳಪನ್ನೇ ಕೇಳಿದರೂ ಮ್ಯಾಟ್ ಲೇಪನದ ಕಾರಣವನ್ನು ತಿಳಿಸುವುದು ವೃತ್ತಿಧರ್ಮ.

ಸುರಕ್ಷತೆ

ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅದನ್ನು ಮುಚ್ಚಿರುವ ಫಲಕಕ್ಕೆ ಪುಟ್ಟಿ ತುಂಬುವುದಾಗಲಿ, ಬಣ್ಣ ಬಳಿಯುವುದಾಗಲಿ, ಬೆಸೆಯುವುದಾಗಲಿ ಕೂಡದು. ನಿಗದಿತ ಗೆರೆಯಲ್ಲಿ ಸೀಳಿ ತೆರೆದುಕೊಳ್ಳುವಂತೆ ಅದನ್ನು ರೂಪಿಸಲಾಗಿರುತ್ತದೆ. ಭಾರತದಲ್ಲಿ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈನಿಂದಾದರೂ, ಅದಕ್ಕಿಂತ ಹಳೆಯ ಅನೇಕ ಕಾರುಗಳ ದುಬಾರಿ ಮಾದರಿಗಳಲ್ಲಿ ಅದು ಇದೆ. ಸಂದೇಹವಿದ್ದಲ್ಲಿ ಆ ಫಲಕವನ್ನು ಮುಟ್ಟದಿರುವುದೇ ಕ್ಷೇಮ.

ಕೆಲಸಗಾರರ ಆರೋಗ್ಯವೂ ಅಷ್ಟೇ ಮುಖ್ಯ. ಹಾರ್ಡನರ್ ಬೆರೆಸುವ ಎರಡು ಘಟಕಗಳ ಪಾಲಿಯುರೆಥೇನ್ ಬಣ್ಣಗಳಲ್ಲಿ ಐಸೊಸಯನೇಟ್ ಇರುತ್ತದೆ. ಇದು ಉಸಿರಾಟದ ಕಾಯಿಲೆಗೆ, ವಿಶೇಷವಾಗಿ ಆಸ್ತಮಾಕ್ಕೆ, ಕಾರಣವಾಗುತ್ತದೆ. ಮುಖಕ್ಕೆ ಕಟ್ಟಿದ ಕರವಸ್ತ್ರ ಇದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿ ಪೂರೈಸುವ ಮುಖವಾಡ ಮತ್ತು ಗಾಳಿ ಹೊರಹಾಕುವ ವ್ಯವಸ್ಥೆಯಿಲ್ಲದ ಕಡೆ ಇಂಥ ಬಣ್ಣ ಬಳಸಬಾರದು. ಅಸಿಟೋನ್ ಮತ್ತು ಥಿನ್ನರ್ ಬೇಗನೆ ಹೊತ್ತಿಕೊಳ್ಳುವುದರಿಂದ ಅವನ್ನು ಹಾಟ್ ಏರ್ ಗನ್ ಇರುವ ಮೇಜಿನಿಂದ ದೂರ ಇಡಬೇಕು.

ವೆಚ್ಚದ ಲೆಕ್ಕ

ನಾಲ್ಕು ಬಾಗಿಲಿನ ಫಲಕ ಮತ್ತು ನಾಲ್ಕು ಕಂಬದ ಹೊದಿಕೆಗಳ ಒಂದು ಕೆಲಸವನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಅಂಕಿಗಳು ಕೇವಲ ಲೆಕ್ಕದ ರೀತಿ ತಿಳಿಸಲು ಕೊಟ್ಟವು. ಊರಿಗೆ ತಕ್ಕಂತೆ ಬದಲಾಗುತ್ತವೆ.

ಇಬ್ಬರು ಎರಡು ದಿನ, ತಲಾ ರೂ. 900ರಂತೆ ಕೂಲಿ: ರೂ. 3,600
ಸಾಮಗ್ರಿ, ಕ್ಲಿಪ್‌ಗಳು ಸೇರಿ: ರೂ. 2,400
ಬಾಡಿಗೆ, ವಿದ್ಯುತ್, ಇತರೆ: ರೂ. 1,000
ಒಟ್ಟು ವೆಚ್ಚ: ರೂ. 7,000
ಪಡೆಯುವ ಶುಲ್ಕ: ರೂ. 9,000
ಉಳಿತಾಯ: ರೂ. 2,000

ಇದೇ ಕೆಲಸ ಬಣ್ಣ ಕಿತ್ತು ಮರಳಿ ಬಂದರೆ, ಹಳೆಯ ಬಣ್ಣ ತೆಗೆಯುವ ಹೆಚ್ಚುವರಿ ದುಡಿಮೆ ಸೇರಿ ಐದು ಆಳಿನ ಕೂಲಿ ರೂ. 4,500, ಸಾಮಗ್ರಿ ರೂ. 2,400, ಇತರೆ ರೂ. 1,000, ಒಟ್ಟು ರೂ. 7,900 ಖರ್ಚಾಗುತ್ತದೆ. ಈ ಬಾರಿ ಶುಲ್ಕ ಕೇಳುವಂತಿಲ್ಲ. ಅಂದರೆ ಮರಳಿ ಬಂದ ಒಂದು ಕಾರು ಸುಮಾರು ನಾಲ್ಕು ಕಾರುಗಳ ಲಾಭವನ್ನು ನುಂಗುತ್ತದೆ. ಅಡ್ಹೀಷನ್ ಪ್ರಮೋಟರ್‌ಗೆ ತಗಲುವ ರೂ. 500 ಉಳಿಸಲು ಹೋಗಿ ಆಗುವ ನಷ್ಟವಿದು. ಸಾಮಗ್ರಿಗಿಂತ ಕೂಲಿಯೇ ದೊಡ್ಡ ವೆಚ್ಚವಾದ ಯಾವುದೇ ಕೆಲಸದಲ್ಲಿ ಅಗ್ಗದ ಸಾಮಗ್ರಿ ನಿಜವಾಗಿ ಅಗ್ಗವಲ್ಲ.

ಸಣ್ಣ ತಯಾರಕರಿಗೆ ಇರುವ ಅವಕಾಶ

ದುರಸ್ತಿಗೆ ನಿಲುಕದಷ್ಟು ಹಾಳಾದ ಫಲಕಗಳನ್ನು ಹೊಸದಾಗಿ ತಯಾರಿಸಬಹುದೇ ಎಂಬ ಪ್ರಶ್ನೆ ಸಹಜ. ದೊಡ್ಡ ಫಲಕದ ಇಂಜೆಕ್ಷನ್ ಅಚ್ಚಿಗೆ ಲಕ್ಷಾಂತರ ರೂಪಾಯಿ ತಗಲುತ್ತದೆ. ಅಚ್ಚಿಗೆ ರೂ. 6 ಲಕ್ಷ ತಗಲಿ, ಒಟ್ಟು 400 ಫಲಕ ಮಾರಾಟವಾಗುವುದೆಂದು ಇಟ್ಟುಕೊಂಡರೂ ಪ್ರತಿ ಫಲಕದ ಮೇಲೆ ಅಚ್ಚಿನ ಪಾಲೇ ರೂ. 1,500 ಬೀಳುತ್ತದೆ. ಆದ್ದರಿಂದ ಕಡಿಮೆ ಸಂಖ್ಯೆಗೆ ಎಬಿಎಸ್ ಹಾಳೆಯಿಂದ ವ್ಯಾಕ್ಯೂಮ್ ಫಾರ್ಮಿಂಗ್ ವಿಧಾನ ಹೆಚ್ಚು ಸೂಕ್ತ. ಅದರ ಅಚ್ಚನ್ನು ಮರ, ಎಪಾಕ್ಸಿ ಅಥವಾ ಅಲ್ಯುಮಿನಿಯಂನಲ್ಲಿ ಮಾಡಿಕೊಳ್ಳಬಹುದು.

ಇದಕ್ಕಿಂತ ಉತ್ತಮ ಅವಕಾಶ ಇರುವುದು ಕ್ಲಿಪ್, ಬುಷ್, ಹಿಡಿಕೆಯ ಬಿಲ್ಲೆಗಳಂಥ ಚಿಕ್ಕ ಭಾಗಗಳಲ್ಲಿ. ಇವುಗಳ ಅಚ್ಚು ಚಿಕ್ಕದು, ಯಂತ್ರ ಚಿಕ್ಕದು, ಪ್ರತಿ ಕಾರಿಗೂ ಹಲವಾರು ಬೇಕು, ಹಾಗೂ ಫಲಕ ಕಳಚಿದಾಗಲೆಲ್ಲ ಕೆಲವು ಮುರಿಯುತ್ತವೆ. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಅಚ್ಚು ತಯಾರಿಸುವ ಕೌಶಲ ಈಗಾಗಲೇ ಇದೆ. ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ ಸಿಪೆಟ್‌ನ ಕೇಂದ್ರವಿದೆ.

ತಯಾರಿಕೆಗೆ ಇಳಿಯುವವರು ಎರಡು ಕಾನೂನು ವಿಷಯಗಳನ್ನು ಗಮನಿಸಬೇಕು. 2000ದ ವಿನ್ಯಾಸ ಕಾಯ್ದೆಯ ಪ್ರಕಾರ ನೋಂದಾಯಿತ ವಿನ್ಯಾಸಕ್ಕೆ ಮೊದಲು 10 ವರ್ಷ, ವಿಸ್ತರಿಸಿದರೆ ಮತ್ತೆ 5 ವರ್ಷ ರಕ್ಷಣೆಯಿರುತ್ತದೆ. ಆದ್ದರಿಂದ ಭಾಗವೊಂದರ ವಿನ್ಯಾಸ ನೋಂದಣಿ ಚಾಲ್ತಿಯಲ್ಲಿದೆಯೇ ಎಂದು ಮೊದಲು ಪರಿಶೀಲಿಸಬೇಕು. ಇನ್ನು ಕಾರು ಕಂಪನಿಯ ಹೆಸರು ಮತ್ತು ಲಾಂಛನ ಟ್ರೇಡ್ ಮಾರ್ಕ್ ಆಗಿದ್ದು, 10 ವರ್ಷಗಳಿಗೊಮ್ಮೆ ನವೀಕರಿಸುತ್ತ ಎಷ್ಟು ಕಾಲವಾದರೂ ಉಳಿಸಿಕೊಳ್ಳಬಹುದು. ಕಾರು ಎಷ್ಟೇ ಹಳೆಯದಾದರೂ ಭಾಗದ ಮೇಲಾಗಲಿ ಪೊಟ್ಟಣದ ಮೇಲಾಗಲಿ ಅದನ್ನು ಮೂಲ ಭಾಗವೆಂಬಂತೆ ಅಚ್ಚಿಸುವಂತಿಲ್ಲ.

ಕೆಲಸ ಒಪ್ಪಿಕೊಳ್ಳುವ ಮುನ್ನ ಪರಿಶೀಲನಾ ಪಟ್ಟಿ

1. ಫಲಕದ ಹಿಂಬದಿಯ ಗುರುತನ್ನು ನೋಡಿ ಕೆಲಸದ ಚೀಟಿಯಲ್ಲಿ ಬರೆಯಲಾಗಿದೆಯೇ?
2. ಮೊದಲೇ ಇದ್ದ ಬಿರುಕು, ಮುರಿದ ಕ್ಲಿಪ್‌ಗಳ ಛಾಯಾಚಿತ್ರ ತೆಗೆದು ಗ್ರಾಹಕರಿಗೆ ತೋರಿಸಲಾಗಿದೆಯೇ?
3. ತೊಳೆಯುವುದು, ಬಣ್ಣ, ಜೋಡಣೆ, ಬದಲಾವಣೆ ಇವುಗಳಲ್ಲಿ ಯಾವ ಫಲಕಕ್ಕೆ ಯಾವುದೆಂದು ಪ್ರತ್ಯೇಕವಾಗಿ ದರ ಬರೆಯಲಾಗಿದೆಯೇ?
4. ಏರ್‌ಬ್ಯಾಗ್ ಫಲಕಗಳನ್ನು ಪಟ್ಟಿಯಿಂದ ಹೊರಗಿಡಲಾಗಿದೆಯೇ?
5. ಜೊತೆಯಲ್ಲಿ ಬಣ್ಣ ಹೊಡೆದ ಪರೀಕ್ಷಾ ತುಂಡು ಅಂಟುಪಟ್ಟಿಯ ಪರೀಕ್ಷೆಯಲ್ಲಿ ಉತ್ತೀರ್ಣವಾಗಿದೆಯೇ?
6. ಸಿಲಿಕೋನ್ ಇರುವ ಪಾಲಿಶ್ ಬಳಸಬಾರದು, ಒದ್ದೆ ಬಟ್ಟೆಯಿಂದ ಮಾತ್ರ ಒರೆಸಬೇಕು ಎಂಬ ಸೂಚನೆಯನ್ನು ಬಿಲ್ಲಿನ ಜೊತೆ ಬರವಣಿಗೆಯಲ್ಲಿ ಕೊಡಲಾಗಿದೆಯೇ?

ಮೊದಲ ಪ್ರಶ್ನೆಗೆ ಉತ್ತರ ಇಲ್ಲವೆಂದಾದರೆ ಸ್ಪ್ರೇ ಗನ್ ಹಿಡಿಯುವ ಸಮಯ ಇನ್ನೂ ಬಂದಿಲ್ಲ.